ಇಂಜೆಕ್ಷನ್ ಕೊಟ್ಟ ಮೇಲೆ ನಿನಗೇನು ಕೆಲಸ?

ಹೋದ ವರ್ಷ ಒಂದು ಮದುವೆ ಊಟದಲ್ಲಿ ಪಕ್ಕದ ಎಲೆಗೆ ಕೂತಿದ್ದ ನನ್ನ ಸೋದರಮಾವ, ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಡೀ ಸಾಲಿಗೆ ಕೇಳಿಸುವ ಹಾಗೆ ಕೇಳಿದರು. "ಅಲ್ಲಮ್ಮಾ, ಆಪರೇಷನ್ ಮಾಡೋದು ಸರ್ಜನ್ನು. ನೀನು ಒಂದು ಇಂಜೆಕ್ಷನ್ ಚುಚ್ಚಿ ಮಲಗಿಸ್ತೀಯ. ಆಮೇಲೆ ನಿನಗೇನು ಕೆಲಸ? ಫೋನ್ ನೋಡ್ತಾ ಕೂತಿರ್ತೀಯಾ?"

ಮಾವನಿಗೆ ಹರ್ನಿಯಾ ಇದೆ. ಮೂರು ವರ್ಷದಿಂದ ಆಪರೇಷನ್ ಮುಂದಕ್ಕೆ ಹಾಕುತ್ತಾ ಬಂದಿದ್ದಾರೆ. ಹಾಗಾಗಿ ಪ್ರಶ್ನೆ ಅಷ್ಟೇನೂ ತಮಾಷೆಯದಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ನಾನು ಅನಸ್ತೇಶಿಯಾ ಡಾಕ್ಟರ್. ಪುಸ್ತಕದ ಕನ್ನಡದಲ್ಲಿ ಅರಿವಳಿಕೆ ತಜ್ಞೆ, ವಾರ್ಡಿನ ಕನ್ನಡದಲ್ಲಿ "ಮತ್ತಿನ ಡಾಕ್ಟ್ರು". ನಮ್ಮ ಕಡೆ ಒಂದೇ ಆಸ್ಪತ್ರೆಗೆ ಅಂಟಿಕೊಂಡವರು ಕಡಿಮೆ. ನಾನೂ ಐದಾರು ನರ್ಸಿಂಗ್ ಹೋಮ್‌ಗಳಿಗೆ ಕಾರಲ್ಲಿ ಬ್ಯಾಗ್ ಇಟ್ಟುಕೊಂಡು ಓಡಾಡುತ್ತೇನೆ. ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದರೂ ಬರುತ್ತದೆ. ಅವತ್ತು ಬಾಯ್ತುಂಬಾ ಹೋಳಿಗೆ ಇತ್ತು, ನಕ್ಕು ಸುಮ್ಮನಾದೆ. ಉತ್ತರ ಇಲ್ಲಿದೆ.

ಮೊದಲನೆಯದು, ಆ ಇಂಜೆಕ್ಷನ್ ಐದು ಹತ್ತು ನಿಮಿಷಕ್ಕಿಂತ ಜಾಸ್ತಿ ಕೆಲಸ ಮಾಡುವುದೇ ಇಲ್ಲ. ಪ್ರೊಪೊಫಾಲ್ ಅಂತ ಅದರ ಹೆಸರು, ನೋಡೋಕೆ ಥೇಟ್ ಹಾಲು. ಅರ್ಧ ನಿಮಿಷದಲ್ಲಿ ನಿದ್ದೆ ಬರುತ್ತದೆ, ಬಿಟ್ಟರೆ ಸ್ವಲ್ಪ ಹೊತ್ತಿಗೆ ಎಚ್ಚರವೂ ಆಗುತ್ತದೆ. ಎರಡು ಗಂಟೆಯ ಆಪರೇಷನ್ ನಡೆಯೋದು ಆ ಚುಚ್ಚುಮದ್ದಿನ ಮೇಲಲ್ಲ. ಉಸಿರಿನ ಜೊತೆ ಒಳಗೆ ಹೋಗುವ ಗ್ಯಾಸ್ ಮೇಲೆ, ಅಥವಾ ಪಂಪಿನಲ್ಲಿ ಸಣ್ಣಗೆ ಹೋಗುತ್ತಲೇ ಇರುವ ಔಷಧದ ಮೇಲೆ. ಅದನ್ನು ಏರಿಸಿ ಇಳಿಸುತ್ತಾ ಇರಬೇಕು, ಯಾಕೆಂದರೆ ಚರ್ಮ ಕೊಯ್ಯುವಾಗ ಬೇಕಾದಷ್ಟು ಹೊಲಿಗೆ ಹಾಕುವಾಗ ಬೇಡ, ರಕ್ತ ಹೋದಾಗ ಇನ್ನೂ ಕಡಿಮೆ ಸಾಕು.

ಎರಡನೆಯದೇ ನಿಜವಾದ ಉತ್ತರ. ಹೊಟ್ಟೆಯ ಆಪರೇಷನ್‌ಗೆ ಸ್ನಾಯುಗಳು ಸಡಿಲವಾಗಿರಬೇಕು. ಅದಕ್ಕೂ ಔಷಧ ಕೊಡುತ್ತೇವೆ. ಆದರೆ ಆ ಔಷಧಕ್ಕೆ ಹೊಟ್ಟೆಯ ಸ್ನಾಯು ಯಾವುದು, ಉಸಿರಾಡುವ ಸ್ನಾಯು ಯಾವುದು ಅಂತ ಗೊತ್ತಿಲ್ಲ. ಎಲ್ಲವೂ ಸಡಿಲ. ಅಂದರೆ ಅಲ್ಲಿಂದ ಮುಂದೆ ನಿಮ್ಮ ಒಂದೊಂದು ಉಸಿರೂ ನಮ್ಮ ಕೈಯಲ್ಲಿ. ಸುಮ್ನೆ ಹೇಳುವ ಮಾತಲ್ಲ ಇದು. ಗಂಟಲಿಗೆ ನಳಿಕೆ ಹಾಕಿ, ನಿಮಿಷಕ್ಕೆ ಹನ್ನೆರಡೋ ಹದಿನಾಲ್ಕೋ ಸಲ ಮಿಷನ್ ಉಸಿರು ತುಂಬುತ್ತದೆ, ಅದು ತುಂಬುತ್ತಿದೆಯಾ ಅಂತ ಒಬ್ಬರು ನೋಡುತ್ತಲೇ ಇರಬೇಕು.

ಅದಕ್ಕೇ ಮಲಗಿಸುವ ಮೊದಲು ಮುಖಕ್ಕೆ ಮಾಸ್ಕ್ ಇಟ್ಟು ಮೂರು ನಿಮಿಷ ಬರೀ ಆಕ್ಸಿಜನ್ ಕೊಡೋದು. ಬಹಳ ಜನಕ್ಕೆ ಅದು ಕಿರಿಕಿರಿ, "ಉಸಿರು ಕಟ್ಟುತ್ತೆ ತೆಗೀರಿ" ಅಂತಾರೆ. ತೆಗೆಯಲ್ಲ. ಸಾಮಾನ್ಯ ಗಾಳಿ ಎಳೆದುಕೊಂಡು ಮಲಗಿದವರ ಉಸಿರು ನಿಂತರೆ ಒಂದೆರಡು ನಿಮಿಷದಲ್ಲಿ ರಕ್ತದ ಆಕ್ಸಿಜನ್ ಇಳಿಯೋಕೆ ಶುರು. ಶ್ವಾಸಕೋಶದ ತುಂಬ ಆಕ್ಸಿಜನ್ ಇದ್ದರೆ ಆರೋಗ್ಯವಂತ ದೊಡ್ಡವರಿಗೆ ಎಂಟು ನಿಮಿಷದವರೆಗೂ ಸಮಯ ಸಿಗುತ್ತದೆ. ನಳಿಕೆ ಮೊದಲ ಸಲಕ್ಕೆ ಹೋಗದಿದ್ದಾಗ ನಾನು ಗಾಬರಿಯಾಗದೆ ಎರಡನೇ ಸಲ ಪ್ರಯತ್ನಿಸೋದು ಆ ಸಮಯದಲ್ಲೇ. ಗರ್ಭಿಣಿಯರಿಗೆ, ತುಂಬಾ ದಪ್ಪ ಇರುವವರಿಗೆ, ಚಿಕ್ಕ ಮಕ್ಕಳಿಗೆ ಅಷ್ಟು ಸಮಯ ಸಿಗುವುದಿಲ್ಲ.

ಇಲ್ಲೊಂದು ಮಾತು. ಎಲ್ಲಾದರೂ ಆಪರೇಷನ್ ಟೇಬಲ್ ಮೇಲೆ ಸಾವಾದರೆ ಮರುದಿನ ಎಲ್ಲರ ಬಾಯಲ್ಲೂ ಒಂದೇ: "ಅನಸ್ತೇಶಿಯಾ ಡೋಸ್ ಜಾಸ್ತಿ ಆಯ್ತಂತೆ." ಡೋಸ್ ತಪ್ಪೋದೇ ಇಲ್ಲ ಅಂತ ಹೇಳುತ್ತಿಲ್ಲ. ಆದರೆ ನಮ್ಮ ನಿದ್ದೆಗೆಡಿಸುವ ಸಂಗತಿಗಳು ಬೇರೆ. ದಾಖಲಾದ ಮೊದಲ ಅನಸ್ತೇಶಿಯಾ ಸಾವನ್ನೇ ನೋಡಿ. 1848ರ ಜನವರಿ 28, ಇಂಗ್ಲೆಂಡಿನ ನ್ಯೂಕ್ಯಾಸಲ್ ಹತ್ತಿರದ ಒಂದು ಹಳ್ಳಿ. ಹ್ಯಾನಾ ಗ್ರೀನರ್ ಅನ್ನೋ 15 ವರ್ಷದ ಹುಡುಗಿಗೆ ಕಾಲಿನ ಉಗುರು ತೆಗೆಯಬೇಕಿತ್ತು, ಬರೀ ಉಗುರು. ಬಟ್ಟೆಗೆ ಒಂದು ಟೀ ಚಮಚದಷ್ಟು ಕ್ಲೋರೋಫಾರ್ಮ್ ಹಾಕಿ ಮೂಗಿಗೆ ಹಿಡಿದರು. ಕೆಲವೇ ನಿಮಿಷದಲ್ಲಿ ಹುಡುಗಿ ಹೋದಳು. ನಡುವೆ ಅವಳನ್ನು ಎಬ್ಬಿಸೋಕೆ ಬಾಯಿಗೆ ನೀರು, ಬ್ರಾಂದಿ ಹಾಕಿದ್ದರು. ಕ್ಲೋರೋಫಾರ್ಮ್ ಬಳಕೆಗೆ ತಂದ ಸಿಂಪ್ಸನ್, ಅವಳು ಸತ್ತಿದ್ದು ಆ ಬ್ರಾಂದಿ ಉಸಿರಿಗೆ ಸಿಕ್ಕಿಕೊಂಡು ಅಂತಲೇ ವಾದಿಸಿದ. ಹೃದಯ ನಿಂತಿತು ಅಂತ ಇನ್ನೊಂದು ಕಡೆಯವರು. ಜಗಳ ಎಷ್ಟು ಬೆಳೆಯಿತು ಅಂದರೆ ನಮ್ಮ ಪಕ್ಕದ ಹೈದರಾಬಾದಿಗೂ ಬಂತು. 1888, 89ರಲ್ಲಿ ನಿಜಾಮರ ಖರ್ಚಿನಲ್ಲಿ ಅಲ್ಲಿನ ಸರ್ಜನ್ ಎಡ್ವರ್ಡ್ ಲಾರಿ ಎರಡು ಕ್ಲೋರೋಫಾರ್ಮ್ ಕಮಿಷನ್ ನಡೆಸಿದ, ಎರಡನೆಯದಕ್ಕೆ ಲಂಡನ್ನಿನಿಂದ ತಜ್ಞರೂ ಬಂದರು. ಅವರ ತೀರ್ಮಾನ: ನಾಡಿ ಹಿಡಿದು ಕೂರಬೇಡಿ, ಉಸಿರು ನೋಡಿ, ಮೊದಲು ನಿಲ್ಲೋದು ಅದೇ. ಅರ್ಧ ಸರಿ, ಅರ್ಧ ತಪ್ಪು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೂ ನಿಲ್ಲಿಸಬಲ್ಲದು ಅಂತ 1911ರಲ್ಲಿ ಲೆವಿ ಅನ್ನೋರು ತೋರಿಸಿದರು. ಆದರೂ "ಉಸಿರು ನೋಡಿ" ಅನ್ನೋ ಆ ಅರ್ಧ ಇವತ್ತಿಗೂ ನನ್ನ ಕೆಲಸದ ಮುಕ್ಕಾಲು ಭಾಗ.

ಈಗ ನೋಡೋಕೆ ಬರೀ ಕಣ್ಣಲ್ಲ, ಯಂತ್ರಗಳಿವೆ. ಬೆರಳಿಗೆ ಹಾಕುವ ಕ್ಲಿಪ್ ಕೋವಿಡ್ ಬಂದ ಮೇಲೆ ಎಲ್ಲರ ಮನೆಗೂ ಬಂತಲ್ವಾ, ಪಲ್ಸ್ ಆಕ್ಸಿಮೀಟರ್, ಅದರ ಹಿಂದಿನ ಉಪಾಯ 1970ರ ದಶಕದ ಮೊದಲ ವರ್ಷಗಳಲ್ಲಿ ಜಪಾನಿನ ಟಕುವೊ ಅಯೊಯಾಗಿ ಅವರಿಗೆ ಹೊಳೆದದ್ದು. ಜಗತ್ತೆಲ್ಲ ಆ ಕ್ಲಿಪ್‌ಗೆ ಮುಗಿಬಿದ್ದಿದ್ದ 2020ರ ಏಪ್ರಿಲ್‌ನಲ್ಲೇ ಅವರು ತೀರಿಕೊಂಡರು. ಓಟಿಯಲ್ಲಿ, ಅಂದರೆ ಆಪರೇಷನ್ ಥಿಯೇಟರಿನಲ್ಲಿ, ಇರುವ ಆಕ್ಸಿಮೀಟರ್‌ಗೆ ಒಂದು ದನಿ ಇದೆ, ನಾಡಿಗೊಂದು ಪೀಂ. ಆಕ್ಸಿಜನ್ ಇಳಿದರೆ ಆ ದನಿಯೂ ಕೆಳಗಿಳಿಯುತ್ತದೆ. ಓಟಿಯಲ್ಲಿ ಏನೇ ಹರಟೆ ನಡೆದಿರಲಿ, ಸೈಟಿನ ರೇಟು, ಮಕ್ಕಳ ಪರೀಕ್ಷೆ, ಏನೇ ಇರಲಿ, ಆ ದನಿ ಎರಡು ಮೆಟ್ಟಿಲು ಇಳಿಯಿತು ಅಂದರೆ ಎಲ್ಲರ ಮಾತೂ ನಿಲ್ಲುತ್ತದೆ. ಸರ್ಜನ್ ತಲೆ ಎತ್ತದೆಯೇ ಕೈ ನಿಲ್ಲಿಸುತ್ತಾರೆ.

ಆದರೆ ಅದು ತಡವಾಗಿ ಕೂಗುವ ಯಂತ್ರ. ಉಸಿರು ನಿಂತರೂ ಒಳಗಿನ ಆಕ್ಸಿಜನ್ ಖರ್ಚಾಗುವ ತನಕ ನೂರು ಅಂತಲೇ ತೋರಿಸುತ್ತದೆ. ಬೇಗ ಹೇಳೋದು ಇನ್ನೊಂದು, ಕ್ಯಾಪ್ನೋಗ್ರಾಫ್. ಹೊರಗೆ ಬಿಟ್ಟ ಉಸಿರಲ್ಲಿ ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಪ್ರತಿ ಉಸಿರಿಗೂ ಒಂದು ಗುಡ್ಡ ಬರೆಯುತ್ತದೆ. ಕೆಲವು ವರ್ಷದ ಹಿಂದೆ ಒಂದು ಥೈರಾಯ್ಡ್ ಆಪರೇಷನ್. ಕುತ್ತಿಗೆಯ ಕೆಲಸ ಅಂದರೆ ರೋಗಿಯ ಮುಖ ಪೂರ್ತಿ ಹಸಿರು ಬಟ್ಟೆಯ ಕೆಳಗೆ. ನನಗೆ ಕಾಣೋದು ಒಂದು ಪೈಪು, ಅಷ್ಟೇ. ಅಸಿಸ್ಟೆಂಟ್ ಸ್ವಲ್ಪ ಬಗ್ಗಿ ನಿಂತಳು. ಸ್ಕ್ರೀನ್ ಮೇಲಿನ ಗುಡ್ಡಗಳ ಸಾಲು ಹಠಾತ್ತಾಗಿ ಸಪಾಟಾಯಿತು, ಹಿಂದೆಯೇ ವೆಂಟಿಲೇಟರ್ ಕೂಗಿತು. ಆಕ್ಸಿಮೀಟರ್ ಮಾತ್ರ ನೂರು, ನೂರು ಅಂತ ಆರಾಮಾಗಿ ಹಾಡುತ್ತಿದೆ. ಬಟ್ಟೆಯ ಕೆಳಗೆ ಕೈ ತೂರಿಸಿ ಪೈಪ್ ಹಿಡಿದು ತಡವುತ್ತಾ ಹೋದೆ. ನಳಿಕೆ ಪೈಪಿಗೆ ಸೇರುವ ಕೀಲು ಕಳಚಿತ್ತು, ಬೆರಳಿಗೆ ತಣ್ಣಗೆ ಗಾಳಿ ಬಡಿಯಿತು. ಒತ್ತಿ ಕೂರಿಸಿದೆ. ಗುಡ್ಡ ಮತ್ತೆ ಬಂತು. ಎಲ್ಲ ಸೇರಿ ಇಪ್ಪತ್ತು ಸೆಕೆಂಡ್ ಇರಬಹುದು. "ಏನಾಯ್ತು ಮೇಡಂ?" ಅಂದರು ಸರ್ಜನ್. "ಏನಿಲ್ಲ ಸರ್, ಮಾಡಿ." ಆ ಹೆಂಗಸು ಮೂರನೇ ದಿನ ಮನೆಗೆ ಹೋದರು. ಮಾವ, ನನ್ನ ಕೆಲಸ ಅದು. ಕೆಲಸ ಸರಿಯಾಗಿ ಆದರೆ ಯಾರಿಗೂ ಏನೂ ಕಾಣೋದಿಲ್ಲ.

ಇನ್ನು ಕಾಫಿ ವಿಚಾರ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಪ್ರಜ್ಞೆ ಇಲ್ಲದಾಗ ಕೆಮ್ಮು ಇರೋದಿಲ್ಲ, ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಅದಕ್ಕೇ ಖಾಲಿ ಹೊಟ್ಟೆ. ಎಣ್ಣೆ, ಮಾಂಸದ ಊಟ ಆದ ಮೇಲೆ ಎಂಟು ಗಂಟೆ, ಇಡ್ಲಿಯಂಥ ಹಗುರ ತಿಂಡಿಗೆ ಆರು ಗಂಟೆ, ಕೂಸಿಗೆ ತಾಯಿಹಾಲಾದರೆ ನಾಲ್ಕು, ತಿಳಿನೀರಿಗೆ ಎರಡು. ಹಾಲು ಹೊಟ್ಟೆಯಲ್ಲಿ ಗಡ್ಡೆಯಾಗುತ್ತದೆ, ಆದ್ದರಿಂದ ಅದು ಊಟದ ಲೆಕ್ಕ. ನಮ್ಮವರಿಗೆ ಇದು ಒಪ್ಪಿಗೆಯೇ ಆಗಲ್ಲ. "ಏನಾದ್ರೂ ತಿಂದ್ರಾ?" "ಇಲ್ಲ ಡಾಕ್ಟ್ರೇ, ಏನೂ ಇಲ್ಲ." "ಕಾಫಿ?" "ಕಾಫಿ ಕುಡಿದೆ, ಬರೀ ಒಂದು ಲೋಟ." ಕಾಫಿ ಅನ್ನೋದು ತಿನ್ನುವ ಕುಡಿಯುವ ಪಟ್ಟಿಯಲ್ಲೇ ಇಲ್ಲ, ಅದು ಹಲ್ಲುಜ್ಜಿದ ಹಾಗೆ! ನಾನು ಈಗ ಬಿಡಿಸಿ ಬಿಡಿಸಿ ಕೇಳುತ್ತೇನೆ. ಕುಡಿದಿದ್ದರೆ ಆಪರೇಷನ್ ಮಧ್ಯಾಹ್ನಕ್ಕೆ ಹೋಗುತ್ತದೆ, ಅಷ್ಟೇ. ಡಾಕ್ಟ್ರು ಬೈತಾರೆ ಅಂತ ಮುಚ್ಚಿಟ್ಟರೆ ಮಾತ್ರ ಅಪಾಯ. ಹಾಗೇ ಉಲ್ಟಾ ತಪ್ಪೂ ಇದೆ, ಹಿಂದಿನ ರಾತ್ರಿಯಿಂದ ಒಂದು ತೊಟ್ಟು ನೀರೂ ಕೊಡದೆ ಎಪ್ಪತ್ತು ವರ್ಷದ ಅಜ್ಜಿಯನ್ನು ಮಧ್ಯಾಹ್ನ ಎರಡರ ತನಕ ಕೂರಿಸೋದು. ಅದು ಭಕ್ತಿಯ ಉಪವಾಸ ಅಲ್ಲ, ಎರಡು ಗಂಟೆ ಮುಂಚೆವರೆಗೂ ನೀರು ಕುಡಿಯಬಹುದು.

ಬಾಯಿ ತೆಗೆಸಿ ನೋಡೋದು ಯಾಕೆ ಅಂತಲೂ ಕೇಳುತ್ತಾರೆ. ನಾಲಿಗೆ ಹೊರಗೆ ಚಾಚಿದಾಗ ಕಿರುನಾಲಿಗೆ ಎಷ್ಟು ಕಾಣುತ್ತದೆ ಅನ್ನೋದರ ಮೇಲೆ ನಳಿಕೆ ಹಾಕೋದು ಸುಲಭವೋ ಕಷ್ಟವೋ ಅಂತ ಒಂದು ಅಂದಾಜು ಸಿಗುತ್ತದೆ. 1985ರಲ್ಲಿ ಇದನ್ನು ಬರೆದವರು ಆಂಧ್ರ ಮೂಲದ, ಅಮೆರಿಕದಲ್ಲಿ ಕೆಲಸ ಮಾಡುತ್ತಿದ್ದ ಮಲ್ಲಂಪಾಟಿ, ಜಗತ್ತಿನ ಎಲ್ಲ ಓಟಿಗಳಲ್ಲೂ ಅವರ ಹೆಸರಿನ ಅಂಕಿ ಕೇಸ್ ಶೀಟ್ ಮೇಲಿರುತ್ತದೆ. ನಮ್ಮ ಕಡೆಯ ಕಷ್ಟ ಇನ್ನೊಂದು. ಅಡಿಕೆ, ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಭಾಗ ಬಿಗಿದುಕೊಂಡವರು. ಮೂರು ಬೆರಳು ಹೋಗಬೇಕಾದ ಬಾಯಿಗೆ ಒಂದೂವರೆ ಹೋಗುತ್ತದೆ. ಮೂವತ್ತು ವರ್ಷದ ಹುಡುಗ, ಬೇರೆ ಯಾವ ಕಾಯಿಲೆಯೂ ಇಲ್ಲ, ಆದರೆ ನನಗೆ ಆ ದಿನದ ಅತಿ ಕಷ್ಟದ ಕೇಸ್ ಅವನೇ. ಮೊದಲೇ ಗೊತ್ತಾದರೆ ಎಚ್ಚರ ಇರುವಾಗಲೇ ಮೂಗಿನಿಂದ ಕ್ಯಾಮೆರಾ ನಳಿಕೆ ಹಾಕಬಹುದು. ಮಲಗಿಸಿದ ಮೇಲೆ ಗೊತ್ತಾದರೆ ದೇವರೇ ಗತಿ. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು, ಮೂಗುಬೊಟ್ಟು, ಬೆರಳ ತುದಿಯ ಮೆಹಂದಿ ಎಲ್ಲ ಕೇಳೋದೂ ಹೀಗೇ ಒಂದೊಂದು ಕಾರಣಕ್ಕೆ.

ಬೆನ್ನಿಗೆ ಇಂಜೆಕ್ಷನ್ ಕೊಟ್ಟಾಗ ರೋಗಿ ಎಚ್ಚರವೇ ಇರುತ್ತಾರೆ, ಅಲ್ಲಿ ನನ್ನ ಕೆಲಸ ಮಾತಾಡಿಸೋದು. ಸಿಸೇರಿಯನ್ ತಾಯಿ "ಹೊಟ್ಟೆ ತೊಳೆಸ್ತಿದೆ" ಅಂದ ತಕ್ಷಣ ನಾನು ನೋಡೋದು ಬಿಪಿ, ಸಾಮಾನ್ಯವಾಗಿ ಅದು ಇಳಿದಿರುತ್ತದೆ. (ಆ ಸೂಜಿಯಿಂದಲೇ ಜೀವನಪೂರ್ತಿ ಬೆನ್ನುನೋವು ಅನ್ನೋ ನಂಬಿಕೆ ಸುಳ್ಳು. ಕೂಸು ಎತ್ತಿ, ಬಗ್ಗಿ ಹಾಲು ಕೊಟ್ಟು ಬರುವ ನೋವಿಗೆ ನಮ್ಮ ಹೆಸರು.)

"ನನ್ನ ಹೆಸರನ್ನ ಮೂರು ಸಲ ಕೇಳಿದ್ರು, ಅಷ್ಟೂ ಗೊತ್ತಿಲ್ವಾ ಇವರಿಗೆ" ಅಂತ ಒಬ್ಬರು ಬೇಜಾರು ಮಾಡಿಕೊಂಡಿದ್ದರು. ಬೇಕಂತಲೇ ಕೇಳೋದು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ 19 ಅಂಶದ ಒಂದು ಹಾಳೆ ತಂದಿತು. ಮಲಗಿಸುವ ಮೊದಲು, ಕೊಯ್ಯುವ ಮೊದಲು, ಓಟಿಯಿಂದ ಹೊರಡುವ ಮೊದಲು, ಮೂರು ಸಲ ನಿಂತು ಜೋರಾಗಿ ಓದಬೇಕು: ಯಾರು, ಯಾವ ಆಪರೇಷನ್, ಎಡವೋ ಬಲವೋ, ಅಲರ್ಜಿ ಇದೆಯಾ, ಬಟ್ಟೆ ಸೂಜಿ ಲೆಕ್ಕ ಸರಿಯಿದೆಯಾ. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ನೂರಕ್ಕೆ 1.5ರಿಂದ 0.8ಕ್ಕೆ ಇಳಿಯಿತು. ಒಂದು ಹಾಳೆಯಿಂದ! ಆದರೆ ಓದಿದರೆ ತಾನೇ. ನಾನು ಹೋಗುವ ಒಂದು ಕಡೆ ಬೆಳಗ್ಗೆಯೇ ಎಲ್ಲ ಚೌಕಕ್ಕೂ ಟಿಕ್ ಹಾಕಿ ಫೈಲಿಗೆ ಸೇರಿಸಿಟ್ಟಿದ್ದರು, ರೋಗಿ ಇನ್ನೂ ವಾರ್ಡಿನಲ್ಲಿದ್ದರು.

ಆ ಹಾಳೆಯಲ್ಲಿ ಎಲ್ಲರೂ ತಮ್ಮ ಹೆಸರು, ಕೆಲಸ ಹೇಳಿಕೊಳ್ಳಬೇಕು ಅಂತಲೂ ಇದೆ. ಮೊದಮೊದಲು ನನಗೂ ನಾಟಕ ಅನ್ನಿಸಿತ್ತು. ಆಮೇಲೆ ಇಂಗ್ಲೆಂಡಿನ 2005ರ ಒಂದು ಕೇಸ್ ಓದಿದೆ. ಸೈನಸ್ ಆಪರೇಷನ್‌ಗೆ ಬಂದ ಆರೋಗ್ಯವಂತ ಹೆಂಗಸು, ಇಬ್ಬರು ಮಕ್ಕಳ ತಾಯಿ. ಮಲಗಿಸಿದ ಮೇಲೆ ನಳಿಕೆ ಹೋಗಲಿಲ್ಲ, ಉಸಿರು ಕೊಡೋಕೂ ಆಗಲಿಲ್ಲ. ಅನುಭವಿ ಡಾಕ್ಟರುಗಳು ನಳಿಕೆ ಹಾಕುವ ಪ್ರಯತ್ನದಲ್ಲೇ ಮುಳುಗಿಹೋದರು. ಒಬ್ಬ ನರ್ಸ್ ಗಂಟಲು ಸೀಳಿ ದಾರಿ ಮಾಡುವ ಸಾಮಾನು ತಂದಿಟ್ಟು ಹೇಳಿಯೂ ಹೇಳಿದ್ದರು. ಯಾರೂ ಅದನ್ನು ಮುಟ್ಟಲಿಲ್ಲ. ಹದಿಮೂರು ದಿನದ ನಂತರ ಆಕೆ ತೀರಿಕೊಂಡರು. ಆಕೆಯ ಗಂಡ ಪೈಲಟ್. ವಿಮಾನದಲ್ಲಿ ಕೆಳಗಿನವರು ಮೇಲಿನವರಿಗೆ ಗಟ್ಟಿಯಾಗಿ ಹೇಳೋದನ್ನು ಕಲಿಸುತ್ತಾರೆ, ಓಟಿಯಲ್ಲಿ ಯಾಕಿಲ್ಲ ಅಂತ ಅವರು ವರ್ಷಗಟ್ಟಲೆ ಕೇಳುತ್ತಾ ತಿರುಗಿದರು. ನಮ್ಮಲ್ಲಂತೂ ಸಿಸ್ಟರ್ ದೊಡ್ಡ ಡಾಕ್ಟರಿಗೆ ಎದುರು ಮಾತಾಡೋದು ಅಂದರೆ... ಹೇಳಬೇಕಾಗಿಲ್ಲ. ಅದಕ್ಕೇ ನಾನು ಹೊಸ ಓಟಿಗೆ ಹೋದಾಗ ಮೊದಲು ಸಿಸ್ಟರ್ ಹೆಸರು ಕೇಳುತ್ತೇನೆ. ಏನಾದರೂ ಸರಿ ಕಾಣದಿದ್ದರೆ ನನ್ನ ಹೆಸರು ಹಿಡಿದು ಕೂಗಿ, ತಪ್ಪಾದರೂ ಪರವಾಗಿಲ್ಲ ಅಂತ ಹೇಳುತ್ತೇನೆ.

"ಮತ್ತೆ ಎಚ್ಚರ ಆಗುತ್ತೆ ತಾನೇ?" ಅಂತ ಬಾಯಿಬಿಟ್ಟು ಕೇಳುವವರು ಕಡಿಮೆ, ಆದರೆ ಎಲ್ಲ ಪ್ರಶ್ನೆಯ ಕೆಳಗೂ ಇರೋದು ಅದೇ. ಇಂಗ್ಲೆಂಡಿನ ಅನಸ್ತೇಶಿಯಾ ವೈದ್ಯರ ಕಾಲೇಜು ರೋಗಿಗಳಿಗೆ ಕೊಡುವ ಲೆಕ್ಕದಲ್ಲಿ, ಬರೀ ಅನಸ್ತೇಶಿಯಾದಿಂದಲೇ ಆಗುವ ಸಾವು ಲಕ್ಷಕ್ಕೆ ಒಂದರ ಆಸುಪಾಸು. ಅದು ಅಲ್ಲಿನ ಲೆಕ್ಕ. ಇಲ್ಲಿ ಅದು ಓಟಿಯಲ್ಲಿ ಕ್ಯಾಪ್ನೋಗ್ರಾಫ್ ಇದೆಯಾ, ಅನಸ್ತೇಶಿಯಾ ಡಾಕ್ಟರ್ ಕೊನೆತನಕ ಅಲ್ಲೇ ಇರುತ್ತಾರಾ ಅನ್ನೋದರ ಮೇಲಿದೆ. ಎರಡನ್ನೂ ನೀವು ಕೇಳಬಹುದು, ಕೇಳಿದರೆ ನಮಗೇನೂ ಬೇಜಾರಿಲ್ಲ.

ಮಾವ ಕೊನೆಗೂ ಒಪ್ಪಿದರು. ಆಪರೇಷನ್ ದಿನ ಬೆಳಗ್ಗೆ ಆರಕ್ಕೆ ಫೋನ್. ಹತ್ತಕ್ಕೆ ಕೇಸ್ ಇತ್ತು.

"ಕಾಫಿ ಕುಡೀಬಹುದೇನಮ್ಮಾ?"

"ಹಾಲು ಹಾಕದೆ ಇದ್ರೆ ಕುಡೀರಿ ಮಾವ, ಎಂಟರ ಒಳಗೆ."

ಸ್ವಲ್ಪ ಹೊತ್ತು ಸದ್ದೇ ಇಲ್ಲ.

"ಅದನ್ನ ಯಾರಮ್ಮ ಕುಡೀತಾರೆ," ಅಂದು ಇಟ್ಟುಬಿಟ್ಟರು.