ಮದ್ವೆ ಆದ್ಮೇಲೆ ಬಿಟ್ಬಿಡ್ತಾರಲ್ಲ, ಯಾಕ್ ಮೇಡಂ ಇಷ್ಟ್ ಕಷ್ಟಪಡ್ತೀರ?

ಮೈಸೂರಿನ ಒಂದು ಕಾಲೇಜಲ್ಲಿ ಹುಡ್ಗೀರ ಬ್ಯಾಸ್ಕೆಟ್‌ಬಾಲ್ ಟೀಮ್‌ಗೆ ಕೋಚ್ ನಾನು. ಈ ಪ್ರಶ್ನೆನ ಪೇರೆಂಟ್ಸ್ ಕೇಳ್ತಾರೆ, ಸ್ಟಾಫ್ ರೂಮಲ್ಲಿ ಕೇಳ್ತಾರೆ, ಮದ್ವೆಮನೆ ಊಟಕ್ಕೆ ಪಕ್ಕದ ಎಲೆಲಿ ಕೂತವ್ರೂ ಕೇಳ್ತಾರೆ. ಮೂರು ವರ್ಷ ಡಿಗ್ರಿ, ಆಮೇಲೆ ಮದ್ವೆನೋ ಕೆಲ್ಸಾನೋ, ಮತ್ತೆ ಬಾಲ್ ಮುಟ್ಟಲ್ಲ, ಅಂಥವ್ರಿಗೋಸ್ಕರ ಬೆಳಗಾಗೋಕೆ ಮುಂಚೆ ಗ್ರೌಂಡಿಗೆ ಬಂದು ಗಂಟಲು ಹರ್ಕೊಂಡ್ರೆ ನಿಮಗೇನು ಸಿಗತ್ತೆ ಅಂತ. ಕೆಟ್ಟ ಮನಸ್ಸಿಂದ ಯಾರೂ ಕೇಳಲ್ಲ, ಅದಕ್ಕೇ ನಾನೂ ಮನಸ್ಸು ಬಿಚ್ಚಿ ಉತ್ತರ ಬರೀತಿದೀನಿ, ಸ್ವಲ್ಪ ಉದ್ದ ಆಗತ್ತೆ.

ಮೊದ್ಲು ಈ ಕೆಲ್ಸದ ಬಗ್ಗೆ. ನಮ್ ಕಡೆ ಹೆಚ್ಚಿನ ಕಾಲೇಜುಗಳಲ್ಲಿ ಬ್ಯಾಸ್ಕೆಟ್‌ಬಾಲ್ ಕೋಚ್ ಅಂತ ಒಂದು ಪೋಸ್ಟೇ ಇರಲ್ಲ. ದೈಹಿಕ ಶಿಕ್ಷಣ ನಿರ್ದೇಶಕರು ಅಂತ ಒಬ್ರಿರ್ತಾರೆ, ಎಲ್ರೂ ಪಿ.ಡಿ. ಅಂತಾರೆ, ಕಬಡ್ಡಿ ಖೋಖೋ ವಾಲಿಬಾಲ್ ಚೆಸ್ ಅಥ್ಲೆಟಿಕ್ಸ್ ಎಲ್ಲಾ ಅವ್ರ ತಲೆ ಮೇಲೆ. ಬಿ.ಪಿ.ಎಡ್, ಎಂ.ಪಿ.ಎಡ್ ಮಾಡ್ಕೊಂಡು ಈ ದಾರಿಗೆ ಬರ್ತಾರೆ, ಕೋಚಿಂಗೇ ಮಾಡ್ಬೇಕು ಅನ್ನೋರು ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆ ಎನ್‌ಐಎಸ್‌ನಲ್ಲಿ ಡಿಪ್ಲೊಮಾ ಮಾಡ್ತಾರೆ. ಕೋಚ್ ಆಗಿ ಬರೋರಲ್ಲಿ ಎಷ್ಟೋ ಜನ ಪಾರ್ಟ್ ಟೈಮ್, ಗೌರವಧನ. ಸಂಬಳ ನೋಡಿ ಬರೋ ಕೆಲ್ಸ ಅಲ್ಲ ಇದು, ಇದನ್ನ ಆಸೆಪಟ್ಟು ಬರೋ ಹುಡ್ಗೀರಿಗೆ ನಾನು ಮೊದ್ಲೇ ಹೇಳ್ಬಿಡ್ತೀನಿ.

ಅಮೆರಿಕದಲ್ಲೂ ಶುರುವಲ್ಲಿ ಹೀಗೇ ಇತ್ತು. ಪ್ಯಾಟ್ ಸಮ್ಮಿಟ್ 1974ರಲ್ಲಿ ಟೆನ್ನೆಸ್ಸೀ ಯೂನಿವರ್ಸಿಟಿ ಹುಡ್ಗೀರ ಟೀಮ್‌ಗೆ ಕೋಚ್ ಆದಾಗ ವಯಸ್ಸು 22, ಸಂಬಳ ತಿಂಗಳಿಗೆ 250 ಡಾಲರ್, ಟೀಮ್ ವ್ಯಾನ್ ಓಡಿಸ್ತಾ ಇದ್ದಿದ್ದೂ ಅವ್ರೇ, ಜೆರ್ಸಿ ಒಗೀತಾ ಇದ್ದಿದ್ದೂ ಅವ್ರೇ. 2012ರವರೆಗೆ ಅದೇ ಯೂನಿವರ್ಸಿಟಿಲಿ ಇದ್ದು 1,098 ಮ್ಯಾಚ್ ಗೆದ್ರು, 8 ಸಲ ನ್ಯಾಷನಲ್ ಚಾಂಪಿಯನ್. ಆದ್ರೆ ನಂಗೆ ಅವ್ರ ಬಗ್ಗೆ ತುಂಬಾ ಇಷ್ಟ ಆಗಿದ್ದು ಬೇರೆ ವಿಷ್ಯ, ಅವ್ರ ಹತ್ರ ಪೂರ್ತಿ ಅವಧಿ ಆಡಿದ ಹುಡ್ಗೀರೆಲ್ಲ ಡಿಗ್ರಿ ಮುಗಿಸಿದ್ರು, ಒಬ್ಬರನ್ನೂ ಬಿಡದಂಗೆ. ಅಲ್ಲೂ ನಾಲ್ಕು ವರ್ಷಕ್ಕೆ ಹುಡ್ಗೀರು ಹೊರಟುಹೋಗ್ತಾರೆ ಕಣ್ರೀ. ಕಾಲೇಜ್ ಕೋಚ್ ಅಂದ್ರೆ ಎಲ್ಲೇ ಆಗ್ಲಿ, ಟೀಮ್ ಒಂದು ಹದಕ್ಕೆ ಬಂತು ಅನ್ನೋಷ್ಟರಲ್ಲಿ ಫೈನಲ್ ಇಯರ್‌ನವರನ್ನ ಕಳಿಸ್ಕೊಟ್ಟು, ಜೂನ್ ಜುಲೈ ಅಡ್ಮಿಷನ್‌ನಲ್ಲಿ ಬಾಲೇ ಹಿಡೀದಿರೋ ಹುಡ್ಗೀರನ್ನ ಹುಡುಕಿ ಮತ್ತೆ ಡ್ರಿಬಲ್‌ನಿಂದ ಶುರು ಮಾಡೋದು.

ಹಂಗಾದ್ರೆ ಆ ಮೂರು ವರ್ಷದಲ್ಲಿ ಏನಾಗತ್ತೆ? ಎಲ್ರೂ ಅನ್ಕೊಳೋದು ಶೂಟಿಂಗ್ ಹೇಳ್ಕೊಡೋದೇ ಕಷ್ಟ ಅಂತ. ಇಲ್ಲ. ಹತ್ತಡಿ ಎತ್ತರದ ರಿಂಗಿಗೆ ಬಾಲ್ ಹಾಕೋದನ್ನ ದಿನಾ ಮಾಡಿದ್ರೆ ಕೈಗೆ ಬಂದೇ ಬರತ್ತೆ, ಓಡ್ತಾ ಬಂದು ರಿಂಗ್ ಹತ್ರ ನೆಗೆದು ಹಾಕೋ ಎಡಗೈ ಲೇಅಪ್ಪೂ ಬರತ್ತೆ. ನಂಗೆ ತುಂಬಾ ಟೈಮ್ ಹಿಡಿಯೋದು ಕೂಗೋದನ್ನ ಕಲ್ಸೋದು. ಡಿಫೆನ್ಸ್‌ನಲ್ಲಿ ಐದೂ ಜನ ಮಾತಾಡ್ತಾನೇ ಇರ್ಬೇಕು, ಬಾಲ್ ಇರೋರ ಎದುರಿಗೆ ನಿಂತವಳು "ಬಾಲ್ ಬಾಲ್" ಅನ್ಬೇಕು, ಹಿಂದಿನವಳು "ಸ್ಕ್ರೀನ್ ಲೆಫ್ಟ್" ಅಂತ ಹೇಳ್ಬೇಕು (ಸ್ಕ್ರೀನ್ ಅಂದ್ರೆ ನಮ್ಮ ದಾರಿಗೆ ಅಡ್ಡ ಬಂದು ನಿಲ್ಲೋ ಎದುರಾಳಿ), ಇನ್ನೊಬ್ಳು "ಹೆಲ್ಪ್ ಇದೀನಿ" ಅನ್ಬೇಕು, ಇಲ್ಲಾಂದ್ರೆ ಮುಂದಿನವಳು ಬೆನ್ನ ಹಿಂದೆ ಬಂದಿರೋ ಸ್ಕ್ರೀನ್ ಕಾಣದೆ ಹೋಗಿ ಗುದ್ದಿಸ್ಕೊಳ್ತಾಳೆ. ಹುಡುಗ್ರು ಮೊದಲ ದಿನದಿಂದ್ಲೇ ಅರಚ್ತಾರೆ. ನಮ್ಮ ಹುಡ್ಗೀರು, ಮನೇಲಿ ಹುಟ್ಟಿದಾಗಿಂದ ಮೆಲ್ಲಗೆ ಮಾತಾಡು, ಬೀದಿಗೆ ಕೇಳ್ಸತ್ತೆ ಅಂತ ಹೇಳಿಸ್ಕೊಂಡೇ ಬೆಳೆದೋರು, ಬಾಯಿ ಬಿಡೋಕೆ ತಿಂಗಳುಗಟ್ಲೆ ತಗೋತಾರೆ. ನಾನು ಬಾಲ್ ಪಕ್ಕಕ್ಕಿಟ್ಟು ಬರೀ ಕೂಗೋ ಡ್ರಿಲ್ ಮಾಡಿಸ್ತೀನಿ, ಕೋರ್ಟಿನ ಆ ಕಡೆ ಒಬ್ಳು ಈ ಕಡೆ ಒಬ್ಳು ನಿಲ್ಲಿಸಿ, ಮಧ್ಯೆ 28 ಮೀಟರ್, ಹೆಸರು ಹಿಡಿದು ಕೂಗು ಅಂತ. ಮೊದಮೊದ್ಲು ನಗ್ತಾರೆ, ಕೈಲಿ ಬಾಯಿ ಮುಚ್ಕೋತಾರೆ. ಪಾಂಡವಪುರ ಕಡೆಯ ಒಂದ್ ಹುಡ್ಗಿ ಇದ್ಲು, ಅಟೆಂಡೆನ್ಸ್ ಕರೆದ್ರೂ ಕೈ ಎತ್ತೋಳೇ ಹೊರತು ಬಾಯಿ ಬಿಡ್ತಿರ್ಲಿಲ್ಲ. ಸೆಕೆಂಡ್ ಇಯರ್ ಮುಗಿಯೋಷ್ಟರಲ್ಲಿ ಅವಳೇ ಪಾಯಿಂಟ್ ಗಾರ್ಡ್, ಅಂದ್ರೆ ಕೋರ್ಟಲ್ಲಿ ಆಟ ನಡೆಸೋಳು, ಇಂಟರ್ ಕಾಲೇಜ್ ಮ್ಯಾಚಲ್ಲಿ ತನಗಿಂತ ಸೀನಿಯರ್‌ಗೆ "ಅಕ್ಕಾ ನಿನ್ ಜಾಗಕ್ಕೆ ಹೋಗು" ಅಂತ ಗದರಿದ್ಲು, ಅಕ್ಕ ಹೋದ್ಲು ಕೂಡ. ಅವರಮ್ಮ ಆಮೇಲೊಂದ್ಸಲ ನನ್ ಹತ್ರ ಬಂದು, ಮೇಡಂ ಇವಳು ಈಗ ಮನೇಲೂ ತನಗೆ ಬೇಕಿದ್ದು ಬೇಡದ್ದು ಹೇಳ್ತಾಳೆ ಅಂದ್ರು. ದೂರಾ ಖುಷಿನಾ ಅಂತ ಮುಖ ನೋಡಿದ್ರೆ ಖುಷಿನೇ.

ಇನ್ನೊಂದು ಮೈ ವಿಷ್ಯ. ಬ್ಯಾಸ್ಕೆಟ್‌ಬಾಲ್ ಅಂದ್ರೆ ನೆಗೆಯೋದು, ನೆಗೆದು ಇಳಿಯೋದು. ಇಳಿವಾಗ ಮಂಡಿ ಒಳಗಡೆ ವಾಲಿದ್ರೆ ಎಸಿಎಲ್ ಅನ್ನೋ ಲಿಗಮೆಂಟ್ ಹರಿಯೋ ಅಪಾಯ, ಅದು ಹುಡುಗ್ರಿಗಿಂತ ಹುಡ್ಗೀರಲ್ಲಿ ಜಾಸ್ತಿ, ಹಾಗಾಗಿ ಎರಡೂ ಕಾಲ ಮೇಲೆ, ಮಂಡಿ ಬಗ್ಗಿಸಿ, ಸದ್ದಿಲ್ಲದೆ ಇಳಿಯೋದನ್ನ ಮೊದಲ ತಿಂಗಳಿಂದ್ಲೇ ಹೇಳ್ಕೊಡ್ತೀನಿ. ರಕ್ತಹೀನತೆ ಇನ್ನೂ ದೊಡ್ಡ ಸಮಸ್ಯೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸ್ರಲ್ಲಿ 57% ಜನಕ್ಕೆ ರಕ್ತಹೀನತೆ ಇತ್ತು. ಎರಡು ರೌಂಡ್ ಓಡಿ ಕೂತ್ಬಿಡೋ ಹುಡ್ಗಿನ ಸೋಮಾರಿ ಅಂತ ಬೈಯೋ ಮುಂಚೆ ಹಿಮೋಗ್ಲೋಬಿನ್ ಟೆಸ್ಟ್ ಮಾಡಿಸ್ಬೇಕು, ಕಮ್ಮಿ ಬಂದ್ರೆ ಡಾಕ್ಟರ್ ಹತ್ರ ಕಳಿಸ್ಬೇಕು, ಬೆಳಗ್ಗೆ ತಿನ್ದೆ ಬಸ್ ಹತ್ತಿ ಬಂದಿದಾಳಾ ಕೇಳ್ಬೇಕು. ಮುಟ್ಟಿನ ದಿನ ಹೊಟ್ಟೆನೋವು ಅಂತ ನೇರವಾಗಿ ಬಂದು ಹೇಳೋಕಾಗ್ಬೇಕು ಅವ್ರಿಗೆ, ಜ್ವರ ಅಂತ ಸುಳ್ಳು ಹೇಳೋ ಪರಿಸ್ಥಿತಿ ಇರ್ಬಾರ್ದು. ಇದೆಲ್ಲಾನೂ ಕೋಚ್ ಕೆಲ್ಸಾನೇ.

ಬಸ್ ಅಂದಾಗ ನೆನಪಾಯ್ತು, 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನಂಜನಗೂಡು, ಟಿ. ನರಸೀಪುರ, ಶ್ರೀರಂಗಪಟ್ಟಣ ಕಡೆಯಿಂದ ಬರೋ ಹುಡ್ಗೀರಿಗೆ ತುಂಬಾನೇ ಅನುಕೂಲ ಆಗಿದೆ. ಪ್ರಾಕ್ಟೀಸ್ ದಿನ ಬಸ್ ಚಾರ್ಜ್ ಕೊಡಿ ಅಂತ ಮನೇಲಿ ಕೇಳೋದೇ ಒಂದು ಜಗಳ ಆಗ್ತಿತ್ತು, ಅದು ತಪ್ತು. ಸಂಜೆ ಕೊನೇ ಬಸ್ಸಿನ ಟೈಮ್ ಮಾತ್ರ ಹಂಗೇ ಇದೆ, ನನ್ನ ಪ್ರಾಕ್ಟೀಸ್ ಮುಗಿಯೋ ಟೈಮು ಹಳ್ಳಿ ಬಸ್ಸಿನ ಟೈಮ್ ನೋಡ್ಕೊಂಡೇ.

ಈಗ ಮದ್ವೆ ವಿಷ್ಯಕ್ಕೆ ಬರ್ತೀನಿ. ಮದ್ವೆ ಆಗಿದ್ದಕ್ಕೇ ಆಟ ಬಿಟ್ರು ಅನ್ನೋದನ್ನ ನಾನು ಒಪ್ಪಲ್ಲ. ಇಂಡಿಯಾ ಬ್ಯಾಸ್ಕೆಟ್‌ಬಾಲ್ ಟೀಮ್ ಕ್ಯಾಪ್ಟನ್ ಆಗಿದ್ದ ಅನಿತಾ ಪಾಲ್‌ದುರೈ ಮಗು ಆದ್ಮೇಲೂ ವಾಪಸ್ ಬಂದು ಆಡಿದ್ರು, 2021ರಲ್ಲಿ ಪದ್ಮಶ್ರೀ ಬಂತು. ಅವ್ರಿಗೆ ರೈಲ್ವೇ ಕೆಲ್ಸ ಇತ್ತು, ಆಡೋಕೆ ಟೀಮ್ ಇತ್ತು. ಕೇರಳದಲ್ಲಿ ವಿದ್ಯುತ್ ಮಂಡಳಿ ಹುಡ್ಗೀರಿಗೆ ಕೆಲ್ಸ ಕೊಟ್ಟು ಟೀಮ್ ಕಟ್ಟಿದೆ. ನಮ್ ಹುಡ್ಗೀರಿಗೆ ಡಿಗ್ರಿ ಮುಗಿದ ಮಾರನೇ ದಿನ ಆಡೋಕೆ ಜಾಗ ಎಲ್ಲಿದೆ ಹೇಳಿ? ಹುಡುಗ್ರು ಸಂಜೆ ಯಾವ್ದಾದ್ರೂ ಕೋರ್ಟಿಗೆ ಹೋಗಿ ಯಾರ್ ಜೊತೆಗಾದ್ರೂ ಸೇರ್ಕೊಂಡು ಆಡ್ತಾರೆ, ಕೆಲ್ಸಕ್ಕೆ ಹೋಗೋ ಹುಡ್ಗಿ ಒಬ್ಳೇ ಹೋಗಿ ಅಲ್ಲಿ ನಿಂತ್ಕೊಳೋಕೆ ಆಗಲ್ಲ. ಮದ್ವೆ ಆಗದೆ ಬೆಂಗಳೂರಲ್ಲಿ ಕೆಲ್ಸ ಮಾಡ್ತಿರೋ ನನ್ನ ಹಳೇ ಹುಡ್ಗೀರೂ ಆಡ್ತಿಲ್ಲ, ಅವ್ರಿಗ್ಯಾವ ಗಂಡ ಬೇಡ ಅಂದ?

ಕಾಲೇಜಲ್ಲಿರೋವಾಗ್ಲೂ ಮ್ಯಾಚ್ ಸಾಲಲ್ಲ. ಇಂಟರ್ ಕಾಲೇಜ್ ನಾಕೌಟ್ ಆದ್ರೆ ಇಡೀ ವರ್ಷ ಪ್ರಾಕ್ಟೀಸ್ ಮಾಡಿದ ಟೀಮ್ ಒಂದೇ ಬೆಳಗ್ಗೆ ಸೋತು ಮನೆಗೆ ಬರತ್ತೆ. ಯೂನಿವರ್ಸಿಟಿ ಟೀಮ್‌ಗೆ ಸೆಲೆಕ್ಟ್ ಆದ ಒಬ್ರೋ ಇಬ್ರೋ ಸೌತ್ ಝೋನ್ ಇಂಟರ್ ಯೂನಿವರ್ಸಿಟಿ ಟೂರ್ನಿಗೆ ಹೋಗ್ತಾರೆ, ದಸರಾ ಕ್ರೀಡಾಕೂಟದಲ್ಲಿ ಕೆಲವ್ರಿಗೆ ಅವಕಾಶ ಸಿಗತ್ತೆ, ಮಿಕ್ಕವ್ರು? ಅಮೆರಿಕದ ಕಾಲೇಜ್ ಟೀಮ್ ಒಂದು ಸೀಸನ್‌ಗೆ ಸುಮಾರು 30 ಮ್ಯಾಚ್ ಆಡತ್ತೆ. 2017ರ ಜುಲೈನಲ್ಲಿ ಬೆಂಗಳೂರಿನ ಕಂಠೀರವದಲ್ಲಿ ನಮ್ಮ ಇಂಡಿಯಾ ಹುಡ್ಗೀರು ಕಝಾಕಿಸ್ತಾನನ 75-73ರಲ್ಲಿ ಸೋಲಿಸಿ ಏಷ್ಯಾ ಕಪ್‌ನ ಮೇಲಿನ ಗುಂಪು ಡಿವಿಷನ್ ಎ-ಗೆ ಹೋದ್ರು. ಎರಡೇ ಪಾಯಿಂಟ್ ವ್ಯತ್ಯಾಸದ ಮ್ಯಾಚ್‌ನ ಕೊನೇ ನಿಮಿಷದಲ್ಲಿ ತಲೆ ಕೆಡಿಸ್ಕೊಳದೆ ಆಡೋದು ಡ್ರಿಲ್ ಮಾಡಿ ಬರಲ್ಲ, ಅಂಥ ಮ್ಯಾಚ್‌ಗಳನ್ನ ಆಡಿ ಆಡಿನೇ ಬರೋದು.

ಹಾಗಾಗಿ ಪ್ರಶ್ನೆ ಕೇಳೋರಿಗೆ ನಾನೂ ಒಂದು ಕೇಳ್ಕೋತೀನಿ. ನಿಮ್ ಕಾಲೇಜಲ್ಲಿ ಕೋರ್ಟ್ ಇದ್ರೆ, ನೀವು ಪಿ.ಡಿ.ನೋ ಪ್ರಿನ್ಸಿಪಾಲರೋ ಆಗಿದ್ರೆ, ತಿಂಗಳಿಗೊಂದು ಭಾನುವಾರ ಕೊಡಿ. ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರದ ನಾಲ್ಕಾರು ಕಾಲೇಜ್ ಸೇರಿದ್ರೆ ಸಾಕು, ನಾಕೌಟ್ ಬೇಡ, ಎಲ್ರೂ ಎಲ್ರ ಜೊತೆ ಆಡೋ ಲೀಗ್. ಜೊತೆಗೆ ಹಳೇ ಸ್ಟೂಡೆಂಟ್ಸ್‌ದೂ ಒಂದು ಟೀಮ್ ಇರ್ಲಿ, ಮಗು ಇರೋರು ಕರ್ಕೊಂಡೇ ಬರ್ಲಿ, ಸ್ಕೋರ್ ಟೇಬಲ್ ಪಕ್ಕ ಚಾಪೆ ಹಾಸಿ ನೋಡ್ಕೊಳೋಕೆ ನಮ್ ಫಸ್ಟ್ ಇಯರ್ ಹುಡ್ಗೀರಿದ್ದಾರೆ. ರೆಫ್ರಿ ಖರ್ಚು, ಮೊಟ್ಟೆ ಬಾಳೆಹಣ್ಣಿನ ಖರ್ಚು ಹಂಚ್ಕೊಂಡ್ರೆ ಯಾರಿಗೂ ಭಾರ ಆಗಲ್ಲ. ಇಬ್ರು ಪಿ.ಡಿ.ಗಳು ಆಗ್ಲೇ ಹೂಂ ಅಂದಿದಾರೆ, ಇನ್ನೊಂದೆರಡು ಕಾಲೇಜ್ ಸಿಕ್ಕಿದ್ರೆ ದಸರಾ ರಜೆ ಮುಗಿದ ತಕ್ಷಣ ಶುರು ಮಾಡೋಣ.