ಸಂಗಡ ಯಾರ ಬಂದಾರ?

ಬೆಳಗಾವಿ ಇರಲಿ, ವಿಜಯಪುರ ಇರಲಿ, ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ಅರವತ್ತು ದಾಟಿದವರಿಗೆ ಬೀಳುವ ಪ್ರಶ್ನೆ ಇದು. ಮದುವೆಯಾಗದೆ ಉಳಿದ ಗೇ ಗಂಡಸಿಗೆ ಇದರ ಬೆನ್ನಿಗೇ ಇನ್ನೆರಡು: ಹೆಂಡ್ತಿ ಎಲ್ಲಿ, ಮಕ್ಕಳೆಷ್ಟು? ಇದನ್ನು ತಪ್ಪಿಸಿಕೊಳ್ಳಲೆಂದೇ ಬಿಪಿ, ಶುಗರ್ ತೋರಿಸುವುದನ್ನೂ ಮುಂದೂಡುವವರಿದ್ದಾರೆ. ಮದುವೆಯಾದವರ ಕಷ್ಟ ಬೇರೆ. ಪಕ್ಕದಲ್ಲಿ ಮಗ ನಿಂತಿರುತ್ತಾನೆ, ಹೇಳಬೇಕಾದ್ದು ಬಾಯಿಗೆ ಬರುವುದಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಹೆದರಿಕೆಯಲ್ಲೇ ಇವರ ಹರೆಯ ಕಳೆದಿದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಅದು ಅಪರಾಧವಲ್ಲವೆಂದು ತೀರ್ಪು ಕೊಟ್ಟಿತೆಂದು ಆ ಹೆದರಿಕೆ ಮೈಬಿಟ್ಟು ಹೋಗಿಲ್ಲ.

ಡಾಕ್ಟರಿಗೆ ಬದುಕನ್ನೆಲ್ಲ ಬಿಚ್ಚಿಡಬೇಕಿಲ್ಲ. ಆದರೆ ಲೈಂಗಿಕ ಶಕ್ತಿಗೆಂದು ಮೆಡಿಕಲ್ ಅಂಗಡಿಯಿಂದ ತಂದು ನುಂಗಿದ ಮಾತ್ರೆಯನ್ನು ಮಾತ್ರ ಮುಚ್ಚಿಡಬಾರದು. ಸಿಲ್ಡೆನಾಫಿಲ್ ನುಂಗಿದ 24 ಗಂಟೆಯೊಳಗೆ, ಟಡಾಲಾಫಿಲ್ ಆದರೆ 48 ಗಂಟೆಯೊಳಗೆ, ಎದೆನೋವಿಗೆಂದು ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಟ್ಟರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಎರವಾಗಬಹುದು. ಮಗನನ್ನು ಸ್ವಲ್ಪ ಹೊರಗೆ ಕಳಿಸಿ ಎಂದು ನರ್ಸಿಗೆ ಕೇಳಿ; ಮಾತ್ರೆಯ ಹೆಸರು, ನುಂಗಿದ ಹೊತ್ತು, ಇಷ್ಟು ಹೇಳಿದರೆ ಸಾಕು. ಯಾರ ಜೊತೆ ಎಂಬುದು ಆಗ ಯಾರಿಗೂ ಬೇಡ.

ತೂಕ ಇಳಿದರೆ, ಸುಸ್ತಾದರೆ ವಯಸ್ಸಾಯಿತು, ಶುಗರ್ ಇದೆ ಎಂದು ಬಿಟ್ಟುಬಿಡುತ್ತಾರೆ. ಮುದುಕರಿಗೆ ಎಚ್‌ಐವಿ ಪರೀಕ್ಷೆ ಬರೆಯುವುದು ಎಷ್ಟೋ ಡಾಕ್ಟರರಿಗೆ ಹೊಳೆಯುವುದೇ ಇಲ್ಲ. ತಾವೇ ಕೇಳಬೇಕು. ಸಿಫಿಲಿಸ್ ಪರೀಕ್ಷೆಯನ್ನೂ ಜೊತೆಗೇ ಕೇಳಿ. ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ (ಆಪ್ತಸಲಹೆ ಮತ್ತು ಪರೀಕ್ಷಾ ಕೇಂದ್ರ) ಎಚ್‌ಐವಿ ಪರೀಕ್ಷೆಗೆ ದುಡ್ಡಿಲ್ಲ, ಸಂಗಡ ಯಾರೂ ಬೇಕಿಲ್ಲ. ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡಬಾರದು, ಫಲಿತಾಂಶ ಬಯಲು ಮಾಡಬಾರದು ಎಂದು 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಅನುಮಾನವಿದ್ದರೆ ಎಚ್‌ಐವಿ ಸಹಾಯವಾಣಿ 1097ಕ್ಕೆ ಫೋನ್ ಮಾಡಬಹುದು. ಗುರುತಿನವರು ಕಂಡಾರು ಎಂದು ಬಾಗಲಕೋಟೆಯವರು ಹುಬ್ಬಳ್ಳಿಗೆ, ವಿಜಯಪುರದವರು ಸೊಲ್ಲಾಪುರಕ್ಕೆ ಹೋಗಬಹುದು. ಪರೀಕ್ಷೆಗೆ ಅಡ್ಡಿಯಿಲ್ಲ. ಆದರೆ ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆ ಜೀವನವಿಡೀ, ದಿನಾ ನುಂಗುವಂಥದ್ದು. ಮೊಣಕಾಲು ನೋವಿಗೆ ಬಸ್ ತಪ್ಪಿ, ಬಸ್ಸಿಗೆ ಮಾತ್ರೆ ತಪ್ಪಿ, ಕಡೆಗೆ ವೈರಸ್ ಔಷಧಕ್ಕೆ ಜಗ್ಗದಂತಾಗುತ್ತದೆ. ಹತ್ತಿರದ ಕೇಂದ್ರಕ್ಕೆ ವರ್ಗ ಕೇಳುವುದೇ ಮೇಲು.

ಕಾಂಡೋಮಿಗೆ ಕೊಬ್ಬರಿ ಎಣ್ಣೆ, ವ್ಯಾಸಲೀನ್ ತಾಗಿಸಬೇಡಿ, ರಬ್ಬರ್ ಹರಿಯುತ್ತದೆ. ನೀರಿನ ಜೆಲ್ಲೇ ಬೇಕು.

ಇನ್ನು ಆ ಮೊದಲ ಪ್ರಶ್ನೆ. ಸಂಗಡ ಬರುವವರು ರಕ್ತಸಂಬಂಧಿಯೇ ಆಗಬೇಕೆಂದಿಲ್ಲ. ಮೂವತ್ತು ವರ್ಷ ಜೊತೆಗಿದ್ದ ದೋಸ್ತನಿಗಿಂತ ಹತ್ತಿರದವರು ಯಾರು? ಮಾನಸಿಕ ಚಿಕಿತ್ಸೆಯ ಮಟ್ಟಿಗೆ, ಬಿಳಿ ಹಾಳೆಯ ಮೇಲೆ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿ ಅವರನ್ನು ಪ್ರತಿನಿಧಿಯಾಗಿ ಹೆಸರಿಸಬಹುದು. ಬ್ಯಾಂಕಿನಲ್ಲಿ ಸಂಗಾತಿಯ ಜೊತೆ ಜಂಟಿ ಖಾತೆಗೆ, ನಾಮಿನಿ ಮಾಡಲು ತಡೆಯಿಲ್ಲವೆಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ಇಂಥ ಕಾಗದ ಟ್ರಂಕಿನ ತಳ ಸೇರಿದರೆ ಉಪಯೋಗವಿಲ್ಲ. ಒಂದು ಪ್ರತಿ ದೋಸ್ತನ ಮನೆಯಲ್ಲೇ ಇರಲಿ. ಅಂಗಿಯ ಕಿಸೆಯಲ್ಲಿ ಒಂದು ಚೀಟಿ: ರಕ್ತದ ಗುಂಪು, ದಿನದ ಮಾತ್ರೆಗಳು, ಅವರ ನಂಬರ್. ಬಿದ್ದಾಗ ಲಾಕ್ ಆದ ಮೊಬೈಲಿನಿಂದ ಆ ನಂಬರ್ ತೆಗೆಯುವುದು ಕಷ್ಟ.