ಬರ್ತ್ ಸರ್ಟಿಫಿಕೇಟಿನಲ್ಲಿ ಪುಟ್ಟಿ

ಮಗಳು ಹುಟ್ಟಿದ ದಿನ ನರ್ಸ್ ಬಟ್ಟೆ ಸುತ್ತಿ ಕೈಗೆ ಕೊಟ್ಟಾಗ ನನ್ನ ಬಾಯಿಂದ ಬಂದಿದ್ದು "ಪುಟ್ಟಿ". ಎರಡೂಕಾಲು ಕೆಜಿ ಇದ್ದಳು, ಇನ್ನೇನು ಅನ್ನೋದು? ಅವತ್ತಿಂದ ಅತ್ತೆ, ಅಮ್ಮ, ಪಕ್ಕದ ಮನೆಯವರು, ಹಾಲು ಹಾಕುವ ಹುಡುಗ ಎಲ್ಲರೂ ಪುಟ್ಟಿ ಅಂತಲೇ ಶುರು ಮಾಡಿದರು. ಹತ್ತನೇ ದಿನಕ್ಕೆ ಗಂಡನಿಗೆ ಹೇಳಿದೆ, ಇದನ್ನೇ ಬರೆಸಿಬಿಡೋಣ.

"ಪುಟ್ಟಿನಾ? ಗೋಡೆಗೆ ಹಚ್ಚೋ ಪುಟ್ಟಿ?"

ಅವನು ಸೈಟ್ ಇಂಜಿನಿಯರ್. ಬೆಳಗ್ಗೆ ಏಳಕ್ಕೇ ಫೋನ್ ಬರುತ್ತೆ, "ಸರ್, ಪುಟ್ಟಿ ಎಷ್ಟು ಮೂಟೆ ಬೇಕು?" ಅಂತ. ಅವನ ಕಷ್ಟ ನನಗೆ ಅರ್ಥವಾಗುತ್ತೆ. ಆದರೆ ಸಿಮೆಂಟಿನವರು ನಿನ್ನೆ ಮೊನ್ನೆ ಬಂದವರು, ನಮ್ಮ ಪುಟ್ಟಿ ಎಷ್ಟು ಹಳಬಳು ಅಲ್ವಾ?

ನನಗೆ ಈ ಎರಡು ಹೆಸರಿನ ಬಾಳು ಸಾಕಾಗಿದೆ. ಮನೆಯಲ್ಲಿ ನಾನು ಬೇಬಿ. ದಾಖಲೆಯಲ್ಲಿ ಇರುವುದು ನಾಲ್ಕಕ್ಷರದ, ಒತ್ತಕ್ಷರ ತುಂಬಿದ ಇನ್ನೊಂದು ಹೆಸರು. ಒಮ್ಮೆ ಕೊರಿಯರ್‌ನವನು ಆ ಹೆಸರು ಕೂಗಿದಾಗ ನನ್ನ ಸ್ವಂತ ಸೋದರಮಾವನೇ "ಆ ಹೆಸರಿನವರು ಇಲ್ಲಿ ಯಾರೂ ಇಲ್ಲಪ್ಪ" ಅಂತ ವಾಪಸ್ ಕಳಿಸಿದ್ದರು. ಲಗ್ನಪತ್ರಿಕೆಯಲ್ಲಿ ಚಿ.ಸೌ. ಅಂತ ಆ ದೊಡ್ಡ ಹೆಸರು ಹಾಕಿ ಪಕ್ಕದಲ್ಲೇ ಬ್ರಾಕೆಟ್ಟಿನಲ್ಲಿ ಬೇಬಿ ಅಂತ ಹಾಕಿಸಿದರು, ಇಲ್ಲದಿದ್ದರೆ ಅರ್ಧ ಊರಿಗೆ ಯಾರ ಮದುವೆ ಅಂತಲೇ ತಿಳಿಯುತ್ತಿರಲಿಲ್ಲ. ಪುನೀತ್ ರಾಜ್‌ಕುಮಾರ್ ಅವರನ್ನೇ ನೋಡಿ. ಮೊದಲು ಇಟ್ಟಿದ್ದು ಲೋಹಿತ್, ಆಮೇಲೆ ಪುನೀತ್, ಆದರೆ ಜನರ ಬಾಯಲ್ಲಿ ನಿಂತಿದ್ದು ಅಪ್ಪು. ಕರೆಯುವ ಹೆಸರೇ ಗೆಲ್ಲುತ್ತೆ ಅಂದಮೇಲೆ ಇನ್ನೊಂದನ್ನು ಯಾಕೆ ಹೊತ್ತುಕೊಂಡು ತಿರುಗಬೇಕು?

ಅತ್ತೆ ನಕ್ಷತ್ರದ ಮಾತು ತೆಗೆದರು. ಪಂಚಾಂಗ ನೋಡಿಸಿದರೆ ಹಸ್ತಾ ನಕ್ಷತ್ರ, ಒಂದನೇ ಪಾದ. ಅಕ್ಷರ ಯಾವುದು ಗೊತ್ತಾ? ಪು! (ಹಸ್ತದ ಉಳಿದ ಮೂರು ಪಾದಗಳಿಗೆ ಷ, ಣ, ಠ. ಸ್ವಲ್ಪ ತಡವಾಗಿ ಹುಟ್ಟಿದ್ದರೆ ಣ ದಿಂದ ಶುರುವಾಗುವ ಹೆಸರು ಹುಡುಕಿಕೊಂಡು ಕೂರಬೇಕಿತ್ತು.) ಅತ್ತೆ ಮೊಬೈಲ್ ಆ್ಯಪ್ ತೆಗೆದು ಪುಣ್ಯ, ಪೂರ್ವಿ, ಪೂರ್ಣಿಮಾ ಅಂತ ಓದುತ್ತಾ ಹೋದರು. ನಾನು ಸುಮ್ನೆ ಪುಟ್ಟಿ ಅಂದೆ. ಅಕ್ಷರ ಸರಿ ಇದೆ, ಅವರೂ ಏನೂ ಹೇಳುವ ಹಾಗಿರಲಿಲ್ಲ.

ಇಲ್ಲಿ ಒಂದು ಉಪಯೋಗದ ವಿಷಯ ಹೇಳಿಬಿಡುತ್ತೇನೆ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಬೇಕು, ಆದರೆ ಹೆಸರು ಅವತ್ತೇ ಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಅದಾದ ಮೇಲೂ 15 ವರ್ಷದವರೆಗೆ ತಡದ ಶುಲ್ಕ ಕಟ್ಟಿ ಸೇರಿಸಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಸ್ಕೂಲ್ ಸೇರಿಸೋಕೆ, ಲೈಸೆನ್ಸಿಗೆ, ವೋಟರ್ ಪಟ್ಟಿಗೆ ಹುಟ್ಟಿದ ದಿನದ ಪುರಾವೆ ಅಂದರೆ ಈ ಸರ್ಟಿಫಿಕೇಟೇ, ಹಾಗಾಗಿ ಒಂದು ಹೆಸರು ಬರೆಸಿ ಇನ್ನೊಂದರಲ್ಲಿ ಓಡಾಡುವ ಹಳೇ ಆಟ ಇನ್ನು ಕಷ್ಟ. ನಾವು ಜಾಗ ಖಾಲಿ ಬಿಟ್ಟೆವು. ಜಗಳ ಮುಂದುವರಿಯಿತು.

"ಪುಟ್ಟಿ ಅಂದರೆ ನಾಳೆ ಆಫೀಸಲ್ಲಿ ಯಾರು ಸೀರಿಯಸ್ಸಾಗಿ ತಗೋತಾರೆ" ಅಂತ ಗಂಡ. ನಾನು ಪಟ್ಟಿಯನ್ನೇ ಕೊಟ್ಟೆ. ಕುವೆಂಪು ಅನ್ನೋದರಲ್ಲಿ ಕೊನೆಯ ಪು ಯಾವುದು? ಪುಟ್ಟಪ್ಪ. ಬೆಂಗಳೂರಿನ ಟೌನ್ ಹಾಲ್ ಯಾರ ಹೆಸರಲ್ಲಿದೆ? ಪುಟ್ಟಣ್ಣ ಚೆಟ್ಟಿ. ಗದಗದಲ್ಲಿ ಪುಟ್ಟರಾಜ ಗವಾಯಿಗಳು. 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ಜಡ್ಜ್‌ಗಳು ಖಾಸಗಿತನ ಮೂಲಭೂತ ಹಕ್ಕು ಅಂದರಲ್ಲ, ಆ ಕೇಸಿನ ಹೆಸರೇ ಪುಟ್ಟಸ್ವಾಮಿ ಕೇಸು. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳಾಗಿದ್ದರು ಅವರು. ಆಧಾರ್ ವಿರುದ್ಧ ಕೋರ್ಟಿಗೆ ಹೋದವರ ಹೆಸರಲ್ಲೇ ಪುಟ್ಟ ಇದೆ, ನನ್ನ ಮಗಳ ಆಧಾರ್‌ನಲ್ಲಿ ಇದ್ದರೆ ಏನು ಕಷ್ಟ?

ಇಷ್ಟು ಹೇಳಿ ಗೆದ್ದೆ ಅಂದುಕೊಂಡು ಊರಿಗೆ ಹೋದೆ. ಅಲ್ಲಿ ಬೇಡ ಅಂದಿದ್ದು ನನ್ನ ಅಜ್ಜಿ. ಅಜ್ಜಿಯ ಹೆಸರು ಪುಟ್ಟಮ್ಮ! ಖುಷಿಪಡುತ್ತಾಳೆ ಅಂದುಕೊಂಡಿದ್ದೆ.

"ನಂಗೆ ಹೆಸರು ಅಂತ ಯಾರೂ ಇಡ್ಲಿಲ್ಲ ಕಣವ್ವ" ಅಂದಳು. ನಾಲ್ಕು ಹೆಣ್ಣಾದ ಮೇಲೆ ಇವಳು. ಶಾಸ್ತ್ರ ಇಲ್ಲ, ಅಕ್ಕಿ ಮೇಲೆ ಬರೆದಿಲ್ಲ, ಕಿವಿಯಲ್ಲಿ ಹೇಳಿಲ್ಲ. ಸಣ್ಣದು ಅಂತ ಪುಟ್ಟಿ ಅಂದರು, ಯಾರಿಗೂ ಬೇರೆ ಹೆಸರು ಯೋಚಿಸುವಷ್ಟು ಪುರುಸೊತ್ತಿರಲಿಲ್ಲ, ಅದೇ ಉಳಿಯಿತು. ಮೇಲಿನ ಮನೆ ಮಕ್ಕಳಿಗೆ ಲಕ್ಷ್ಮೀದೇವಿ, ಸರೋಜ. ತೋಟದ ಕೂಲಿಗೆ ಬರುವವರಿಗೆ ಪುಟ್ಟಿ, ಚಿಕ್ಕಿ, ಕೆಂಪಿ. ಆ ಕಾಲದಲ್ಲಿ ಕೊನೆಗೆ ಅಮ್ಮ ಸೇರಿಸಿ ಕರೆಸಿಕೊಳ್ಳೋದಕ್ಕೇ ಮದುವೆಯಾಗಿ ಎರಡು ಮಕ್ಕಳಾಗಬೇಕಾಯಿತಂತೆ.

ಇದು ನನಗೆ ಹೊಳೆದೇ ಇರಲಿಲ್ಲ. ನಾನು ಮುದ್ದು ಅಂದುಕೊಂಡಿದ್ದು ಅವಳ ಪಾಲಿಗೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ ಅನ್ನೋದರ ಗುರುತು. ಕುವೆಂಪು ಹೆಸರು ಹೇಳಿ ಗಂಡನ ಬಾಯಿ ಮುಚ್ಚಿಸಬಹುದು, ಅಜ್ಜಿಯ ಮುಂದೆ ಅದು ನಡೆಯಲಿಲ್ಲ. ಎರಡು ದಿನ ನಾನೂ ಮಾತಾಡಲಿಲ್ಲ. ಆಮೇಲೆ ಹೇಳಿದೆ, ಅಜ್ಜಿ, ಇದಕ್ಕೆ ಐದು ತಿಂಗಳಿಂದ ಮನೆಯವರೆಲ್ಲ ಕೂತು ಜಗಳ ಆಡಿದ್ದೀವಿ, ಯೋಚನೆ ಮಾಡದೆ ಇಡ್ತಿಲ್ಲ ಅಂತ. ಅಜ್ಜಿ ಮಗುವನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಹಂಗಾದ್ರೆ ಮೊದ್ಲೇ ಅಮ್ಮ ಸೇರ್ಸಿಬುಡು. ಇವಳು ಯಾಕೆ ಕಾಯ್ಬೇಕು?"

ಹಾಗಾಗಿ ಪುಟ್ಟಮ್ಮ. ಗಂಡನೂ ಒಪ್ಪಿದ, ಯಾಕಂದರೆ ಪುಟ್ಟಮ್ಮ ಅನ್ನೋ ಹೆಸರಲ್ಲಿ ಗೋಡೆಗೆ ಬಳಿಯುವ ಯಾವ ಮಾಲೂ ಇಲ್ಲವಂತೆ. ಹೆಸರು ಸೇರಿಸುವ ಕಚೇರಿಯಲ್ಲಿ "ಇದು ಮನೇಲಿ ಕರೆಯೋದಲ್ವಾ ಮೇಡಂ, ಒರಿಜಿನಲ್ ಹೇಳಿ" ಅಂದರು. ಎರಡು ಸಲ ಹೇಳಬೇಕಾಯಿತು.

ಹೋದ ವಾರ ಸರ್ಟಿಫಿಕೇಟ್ ಹಿಡಿದುಕೊಂಡು ಊರಿಗೆ ಹೋಗಿದ್ದೆವು. ಅಜ್ಜಿಗೆ ಓದು ಬರಲ್ಲ. ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೆ ಸಹಿ ಹಾಕೋದು ಮಾತ್ರ ಕಲಿತಿದ್ದಾಳೆ, ಅಂದರೆ ಮೂರೇ ಅಕ್ಷರ. ಕಾಗದ ಕೈಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಮೇಲಿಂದ ಕೆಳಗೆ ಬೆರಳು ಆಡಿಸುತ್ತಾ ಬಂದವಳು ಒಂದು ಕಡೆ ನಿಂತಳು.

"ಪು... ಟ್ಟ... ಮ್ಮ," ಅಂದಳು. ಆಮೇಲೆ ನನ್ನ ಕಡೆ ನೋಡಿ, "ಇದು ನಂದಾ, ಅವಳದಾ?"